ಎದುರು ಮನೆಯ ಆಕ್ಷೇಪಣೆ

ಬೆಳಗಾದರೆ ಆ ಬೀದಿಯ ಹೆಂಗಸರಿಗೆಲ್ಲ ಒಂದೇ ಚಿಂತೆ. ಮಗುವನ್ನು ಎಲ್ಲಿ ಬಿಟ್ಟು ಕೆಲಸಕ್ಕೆ ಹೋಗುವುದು? ಒಬ್ಬಳು ಅಂಗಡಿಯಲ್ಲಿ ಬಿಲ್ಲು ಹಾಕುತ್ತಾಳೆ, ಒಬ್ಬಳು ಬಟ್ಟೆ ಕಾರ್ಖಾನೆಯಲ್ಲಿ ಕಾಲರು ಹೊಲಿಯುತ್ತಾಳೆ, ಇನ್ನೊಬ್ಬಳು ಆಫೀಸುಗಳ ನೆಲ ಒರೆಸುತ್ತಾಳೆ. ಮನೆಯಲ್ಲಿ ಹಿರಿಯರಿದ್ದರೆ ಹೇಗೋ ನಡೆಯುತ್ತದೆ. ಇಲ್ಲದವರು ಮಗುವನ್ನು ಸೊಂಟಕ್ಕೇರಿಸಿಕೊಂಡು ಬಾಗಿಲಿಂದ ಬಾಗಿಲಿಗೆ ಹೋಗಿ, ಇವತ್ತೊಂದು ದಿನ ನೋಡಿಕೊಳ್ಳಿ ಎಂದು ಹಲ್ಲು ಗಿಂಜಬೇಕು.

ತಿರುವಿನ ಮನೆಯ ಸೊಸೆಗೆ ಮಕ್ಕಳನ್ನು ಸಂಭಾಳಿಸುವ ಕೆಲಸ ಚೆನ್ನಾಗಿ ಗೊತ್ತಿತ್ತು. ಅದೇ ಬಟ್ಟೆ ಕಾರ್ಖಾನೆಯಲ್ಲಿ ಕೆಲಸಗಾರರ ಮಕ್ಕಳನ್ನು ನೋಡಿಕೊಳ್ಳುವ ಒಂದು ಕೋಣೆ ಇತ್ತು. ಎಲ್ಲರೂ ಅದನ್ನು ಕೂಸಿನ ಮನೆ ಎನ್ನುತ್ತಿದ್ದರು. ಅಲ್ಲಿ ಅವಳು ಹಲವು ವರ್ಷ ದುಡಿದಿದ್ದಳು. ಮಗುವಿನ ಅಳು ಕೇಳಿಯೇ ಇದು ಹಸಿವು, ಇದು ನಿದ್ದೆ, ಇದು ಬರೀ ಹಟ ಎಂದು ಹೇಳಬಲ್ಲವಳು. ಕಾರ್ಖಾನೆಯವರು ಆ ಕೋಣೆ ಮುಚ್ಚಿ ಅಲ್ಲಿ ಬಟ್ಟೆಯ ಮೂಟೆ ಒಟ್ಟಿದ ಮೇಲೆ ಅವಳ ಕೆಲಸ ಹೋಯಿತು. ಮಕ್ಕಳು ಮಾತ್ರ ಹೋಗಲಿಲ್ಲ. ಬೀದಿಯ ತಾಯಂದಿರು ಒಬ್ಬೊಬ್ಬರೇ ತಿರುವಿನ ಮನೆಯ ಕದ ತಟ್ಟತೊಡಗಿದರು. ನೋಡನೋಡುತ್ತಿದ್ದಂತೆ ಮನೆ ತುಂಬ ಪುಟ್ಟ ಚಪ್ಪಲಿಗಳು.

ಆ ಮನೆಯಲ್ಲಿ ಇದ್ದವರು ಮೂವರು. ಸೊಸೆ, ಅವಳ ಗಂಡ, ಅತ್ತೆ. ಗಂಡ ಸಿಟಿ ಬಸ್ಸಿನ ಡ್ರೈವರು. ಹೆಚ್ಚು ಮಾತಿನವನಲ್ಲ. ಅಮ್ಮನಿಗೂ ಹೆಂಡತಿಗೂ ಮಾತಿಗೆ ಮಾತು ಬೆಳೆದರೆ ಮನೆಯಲ್ಲೂ ಸ್ಟೇರಿಂಗ್ ಹಿಡಿದವನಂತೆ ನೇರ ಮುಂದಕ್ಕೆ ನೋಡುತ್ತ ಕೂತುಬಿಡುತ್ತಿದ್ದ. ಅತ್ತೆಯನ್ನು ಬೀದಿಯವರು ಗಡಿಯಾರದಮ್ಮ ಎಂದು ಕರೆಯುತ್ತಿದ್ದರು. ಅವರ ಗಂಡ ಮನೆಯ ಮುಂದಿನ ಕೋಣೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ಅವರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಕೋಣೆ ಮಾತ್ರ ಹಾಗೇ ಇತ್ತು. ಕಿಟಕಿಯ ಕೆಳಗೆ ಅವರ ಮೇಜು, ಅದರ ಮೇಲೆ ಕತ್ತು ಬಗ್ಗಿಸುವ ದೀಪ, ಡ್ರಾಯರಿನ ತುಂಬ ಮುಳ್ಳು, ಸ್ಪ್ರಿಂಗು, ಚಿಮಟ.

ಎದುರು ಮನೆಯಲ್ಲಿ ನರ್ಸಮ್ಮ ಒಬ್ಬರೇ ಇದ್ದರು. ದೊಡ್ಡಾಸ್ಪತ್ರೆಯಲ್ಲಿ ರಾತ್ರಿ ಪಾಳಿ, ಹಗಲು ನಿದ್ದೆ. ಬೀದಿ ಎಷ್ಟು ಇಕ್ಕಟ್ಟೆಂದರೆ ಈ ಕಿಟಕಿಯಿಂದ ಆ ಕಿಟಕಿಗೆ ಸಕ್ಕರೆಯ ಲೋಟ ದಾಟಿಸಬಹುದಿತ್ತು, ದಾಟಿಸುತ್ತಲೂ ಇದ್ದರು. ಗಡಿಯಾರದಮ್ಮನ ಬಿಪಿ ನೋಡುವವರು, ಸೊಸೆಯ ಸಂಕಟ ಕೇಳುವವರು, ಎಲ್ಲಕ್ಕೂ ನರ್ಸಮ್ಮನೇ.

ಲೈಸೆನ್ಸಿನ ವಿಷಯ ಮೊದಲು ಎತ್ತಿದವರೂ ಅವರೇ. ಒಂದು ಬೆಳಿಗ್ಗೆ ಪಾಳಿ ಮುಗಿಸಿ ಬಂದವರು ಈ ಮನೆಯ ಹೊಸ್ತಿಲಲ್ಲಿ ನಿಂತು ಸೊಸೆಗೆ ಹೇಳಿದರು.

"ಹೀಗೆ ಸುಮ್ಮನೆ ಮಕ್ಕಳನ್ನ ಸೇರಿಸ್ಕೊಂಡು ಕೂರ್ಬೇಡ. ನಗರಸಭೆಗೆ ಹೋಗಿ ಲೈಸೆನ್ಸ್ ಮಾಡಿಸ್ಕೋ. ನಿನ್ನ ಪರಿಚಯ ಇಲ್ಲದವರೂ ಧೈರ್ಯವಾಗಿ ಮಗು ಬಿಟ್ಟು ಹೋಗ್ತಾರೆ. ನಾಳೆ ಒಂದು ಮಗು ಬಿದ್ದು ಪೆಟ್ಟು ಮಾಡ್ಕೊಂಡ್ರೂ, ಕದ್ದು ನಡೆಸ್ತಿದ್ಲು ಅಂತ ನಿನ್ನ ಮೇಲೆ ಮಾತು ಬರಲ್ಲ."

ಹೇಳಿ, ಆಕಳಿಸಿ, ಆದರೆ ಮೊದಲು ನನ್ನ ನಿದ್ದೆಗೊಂದು ದಾರಿ ಮಾಡಿ ಎಂದು ಸೇರಿಸಿದರು. ಎಲ್ಲರೂ ನಕ್ಕರು.

ಗಡಿಯಾರದಮ್ಮನಿಗೆ ಈ ಲೈಸೆನ್ಸಿನ ಮಾತೇ ಹಿಡಿಸಲಿಲ್ಲ. ನಮ್ಮ ಮನೆ, ನಮ್ಮ ಜಾಗ, ಮಕ್ಕಳಿಗೆ ಅನ್ನ ತಿನ್ನಿಸಿ ಮಲಗಿಸುವುದಕ್ಕೂ ನಗರಸಭೆಯ ಅಪ್ಪಣೆ ಬೇಕೇ ಎಂದರು. ಒಮ್ಮೆ ಆ ಮೆಟ್ಟಿಲು ಹತ್ತಿದರೆ ಇವತ್ತು ಬಾ, ನಾಳೆ ಬಾ ಎಂದು ಚಪ್ಪಲಿ ಸವೆಸುತ್ತಾರೆ ಎಂದರು. ಅವರು ಆ ಮೆಟ್ಟಿಲು ಎಂದೂ ಹತ್ತಿದವರಲ್ಲ. ಆದರೂ ಅಷ್ಟು ಖಚಿತವಾಗಿ ಹೇಳುತ್ತಿದ್ದರು.

ಹಾಗಾಗಿ ಮೊದಲ ಸಲ ಸೊಸೆ ಒಬ್ಬಳೇ ಹೋದಳು. ಮೆಟ್ಟಿಲ ಕೆಳಗಿನ ಕೋಣೆ. ಫ್ಯಾನಿನ ಗಾಳಿಗೆ ಕಾಗದ ಹಾರದಂತೆ ಗೋಂದಿನ ಬಾಟಲಿ, ಒಡೆದ ಟೈಲಿನ ಚೂರು ಭಾರಕ್ಕಿಟ್ಟಿದ್ದರು. ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದ ಗುಮಾಸ್ತೆ ಅವಳ ಮಾತು ಪೂರ್ತಿ ಕೇಳಿದರು. ಕಂಪ್ಯೂಟರಿನಲ್ಲಿ ಮನೆ ನಂಬರು ಹಾಕಿ ನೋಡಿ, ಈ ಮನೆ ನಿಮ್ಮ ಮಾವನವರ ಹೆಸರಿನಲ್ಲಿದೆ, ಲೈಸೆನ್ಸಿಗೆ ಮನೆಯ ಮಾಲೀಕರ ಒಪ್ಪಿಗೆ ಬೇಕು, ಅವರನ್ನು ಕರೆದುಕೊಂಡು ಬನ್ನಿ ಎಂದರು. ಅವರು ಹೋಗಿ ಬಹಳ ವರ್ಷವಾಯಿತಲ್ಲ ಎಂದಳು ಸೊಸೆ.

ಗುಮಾಸ್ತೆ ಕನ್ನಡಕ ಇಳಿಸಿದರು. "ನಿಮ್ಮ ಪಾಲಿಗೆ ಹೋಗಿದ್ದಾರೆ. ನಮ್ಮ ಪಾಲಿಗೆ ಇನ್ನೂ ವರ್ಷ ವರ್ಷ ತೆರಿಗೆ ಕಟ್ತಾನೇ ಇದ್ದಾರೆ."

ಮೊದಲು ಮನೆಯ ಖಾತೆ ಬದಲಾಗಬೇಕಿತ್ತು. ಅಂದರೆ ನಗರಸಭೆಯ ದಾಖಲೆಯಲ್ಲಿ ಮನೆಯ ಮಾಲೀಕರ ಹೆಸರು ಬದಲಾಗಬೇಕಿತ್ತು. ಬೇಕಾದದ್ದೇನು ಎಂದು ಗುಮಾಸ್ತೆ ಬಿಡಿಸಿ ಹೇಳಿದರು. ಮರಣ ಪ್ರಮಾಣಪತ್ರ, ವಾರಸುದಾರರು ಯಾರ್ಯಾರು ಎಂಬ ವಿವರ, ತೆರಿಗೆ ಕಟ್ಟಿದ ರಸೀದಿ, ಮಗನ ಒಪ್ಪಿಗೆ, ಎಲ್ಲಕ್ಕಿಂತ ಮೊದಲು ಗಡಿಯಾರದಮ್ಮನ ಸಹಿ. ಎಲ್ಲವೂ ಮನೆಯ ಬೀರುವಿನಲ್ಲೇ ಇತ್ತು, ಸಹಿಯೊಂದು ಬಿಟ್ಟು.

ಗಡಿಯಾರದಮ್ಮ ಪೆನ್ನು ಮುಟ್ಟಲಿಲ್ಲ. ಮಗ ತನ್ನ ಜಾಯಮಾನಕ್ಕೆ ಮೀರಿ ಮಾತಾಡಿದ. ನಾಳೆ ಮನೆ ರಿಪೇರಿಗೆ ಅನುಮತಿ ಬೇಕೆಂದರೂ, ಸಾಲ ಬೇಕೆಂದರೂ ಇದೇ ತೊಡಕು ಎದುರಾಗುತ್ತದೆ, ಯಾವತ್ತಿದ್ದರೂ ಮಾಡಿಸಲೇಬೇಕು ಎಂದ. ಅವರು ಎದ್ದು ಅಡುಗೆಮನೆಗೆ ಹೋದರು. ಸೊಸೆಗೆ ಒಳಗೊಳಗೇ ಸಿಟ್ಟು ಬಂತು. ತಾನು ನಾಲ್ಕು ಕಾಸು ದುಡಿಯುವುದು ಅತ್ತೆಗೆ ಬೇಡವೇನೋ ಎಂದುಕೊಂಡಳು.

ಒಂದು ಸಂಜೆ ಇಬ್ಬರೂ ಒಣಗಿದ ಬಟ್ಟೆ ಮಡಚುತ್ತಿದ್ದರು. ಗಡಿಯಾರದಮ್ಮ ಮಗನ ಅಂಗಿಯ ತೋಳು ನೇರ ಮಾಡುತ್ತ, ಯಾರನ್ನೂ ನೋಡದೆ ಹೇಳಿದರು.

"ಬ್ಯಾಂಕಿನವರು ಅವರ ಹೆಸರು ತೆಗೆದ್ರು. ವೋಟಿನ ಪಟ್ಟಿಯಿಂದ ತೆಗೆದ್ರು. ಅಂಗಡಿ ಬೋರ್ಡು ಗಾಳಿಗೆ ಬಿದ್ದುಹೋಯ್ತು. ಇದೊಂದು ಕಡೆ ಉಳ್ಕೊಂಡಿದೆ. ಇದನ್ನೂ ನಾನೇ ನನ್ನ ಕೈಯಾರೆ ತೆಗೆಸ್ಲಾ?"

ಸೊಸೆ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು. ಇಷ್ಟು ದಿನ ತಾನು ಅಂದುಕೊಂಡದ್ದೇ ಒಂದು, ಇದ್ದದ್ದೇ ಇನ್ನೊಂದು. ಮಾರನೆಯ ದಿನ ಅವಳು, ಸಹಿ ಹಾಕುವುದು ಬೇಡ ಅತ್ತೆ, ಹೆಸರು ನಿಜವಾಗಿ ಅಳಿಸಿಹಾಕುತ್ತಾರಾ ಅಂತ ಬರೀ ಕೇಳಿಕೊಂಡು ಬರೋಣ ಬನ್ನಿ ಎಂದಳು. ಕೇಳುವುದಕ್ಕೇನು ಎಂದು ಅವರು ಹೊರಟರು.

ಅವರ ಪ್ರಶ್ನೆಗೆ ಗುಮಾಸ್ತೆ ನಗಲಿಲ್ಲ. ಕಂಪ್ಯೂಟರನ್ನು ಅವರ ಕಡೆಗೆ ತಿರುಗಿಸಿ, ಬೆರಳಿಟ್ಟು ತೋರಿಸಿದರು. ಇದು ಈಗಿನ ಮಾಲೀಕರ ಸಾಲು. ಇದು ಹಿಂದಿನ ಮಾಲೀಕರ ಸಾಲು. ಗಂಡನಿಗೆ ಮನೆ ಮಾರಿದವರ ಹೆಸರು ಅಲ್ಲಿ ಇನ್ನೂ ಇತ್ತು. ಯಾವುದನ್ನೂ ಅಳಿಸಿರಲಿಲ್ಲ.

"ನಿಮ್ಮ ಹೆಸರಿನ ಪಕ್ಕದಲ್ಲಿ, ಇವರಿಂದ ಬಂದಿದ್ದು ಅಂತ ಅವರ ಹೆಸರು ಇರತ್ತೆ ಅಮ್ಮ. ಈ ಮನೆಗೆ ಮುಂದೆ ಯಾರೇ ಮಾಲೀಕರಾದ್ರೂ ಅವರನ್ನ ದಾಟ್ಕೊಂಡೇ ಬರ್ಬೇಕು."

ಗಡಿಯಾರದಮ್ಮ ಮುಂದಕ್ಕೆ ಬಾಗಿ ಗಂಡನ ಹೆಸರನ್ನು ಓದಿದರು. ಇನ್ನೊಮ್ಮೆ ಓದಿದರು. ಹುಬ್ಬು ಗಂಟಾಯಿತು. ಹೆಸರಿನಲ್ಲಿ ಒಂದು ಕೊಂಬು ಬಿಟ್ಟುಹೋಗಿತ್ತು. ಇಷ್ಟು ವರ್ಷ ತೆರಿಗೆ ರಸೀದಿ ಬಂದದ್ದೂ ಹಾಗೇ. ಅವರು ಮಡಚಿಟ್ಟಿದ್ದರೇ ಹೊರತು ಓದಿರಲಿಲ್ಲ.

"ಮೊದಲು ಇದನ್ನ ಸರಿ ಮಾಡಿ. ಬದುಕಿದ್ದಾಗ ಪಾಪ ಅವರಿಗೆ ಯಾವ ಕೊಂಬೂ ಇರ್ಲಿಲ್ಲ. ಕಾಗದದಲ್ಲಾದ್ರೂ ಇರ್ಲಿ."

ಈಗ ಗುಮಾಸ್ತೆ ನಕ್ಕರು. ತಿದ್ದುಪಡಿಗೂ ಅದೇ ಅರ್ಜಿಯಲ್ಲಿ ಜಾಗವಿತ್ತು. ಬೇಕಾದೀತೆಂದು ಸೊಸೆ ಕಾಗದಗಳನ್ನೆಲ್ಲ ಚೀಲದಲ್ಲಿ ತಂದಿದ್ದಳು. ಗಡಿಯಾರದಮ್ಮ ಸೊಸೆಯ ಕೈಯಿಂದ ಪೆನ್ನು ತೆಗೆದುಕೊಂಡು, ಅಲ್ಲೇ ಕೂತು ನಿಧಾನವಾಗಿ ಸಹಿ ಹಾಕಿದರು. ಫೀಸನ್ನು ಕೌಂಟರಿನಲ್ಲೇ ಕಟ್ಟಿ ರಸೀದಿ ತೆಗೆದುಕೊಂಡರು. ಬಾಗಿಲಲ್ಲಿ ನಿಂತಿದ್ದ ಒಬ್ಬ, ಬೇಗ ಮಾಡಿಸಿಕೊಡುತ್ತೇನೆ ಎಂದು ಹತ್ತಿರ ಬಂದ. ನಮಗೇನೂ ಅವಸರವಿಲ್ಲ ಎಂದು ಹೇಳಿ ಅವನನ್ನು ಅಲ್ಲೇ ಬಿಟ್ಟು ಬಂದರು.

ಯಾರಿಗಾದರೂ ಆಕ್ಷೇಪಣೆ ಇದ್ದರೆ ಬರೆದುಕೊಡಿ ಎಂದು ನಗರಸಭೆಯವರು ಬಾಗಿಲಿಗೆ ಪ್ರಕಟಣೆ ಅಂಟಿಸಿದರು. ಅದರ ಅವಧಿ ಮುಗಿಯಿತು, ಯಾರೂ ತಕರಾರು ಮಾಡಲಿಲ್ಲ, ಖಾತೆ ಗಡಿಯಾರದಮ್ಮನ ಹೆಸರಿಗೆ ಬಂತು. ಕೂಡಲೇ ಸೊಸೆ ಕೂಸಿನ ಮನೆಯ ಲೈಸೆನ್ಸಿಗೆ ಅರ್ಜಿ ಹಾಕಿದಳು. ಅದಕ್ಕೂ ಪದ್ಧತಿಯಂತೆ ಮನೆಯ ಬಾಗಿಲಿಗೆ ಒಂದು ಪ್ರಕಟಣೆ ಅಂಟಿಸಿದರು. ಮುಂದಿನ ಕೋಣೆಯನ್ನು ಮಕ್ಕಳಿಗೆಂದು ತೆರವು ಮಾಡಿದ್ದಾಯಿತು. ಗಂಡನ ಮೇಜನ್ನು ಗಡಿಯಾರದಮ್ಮ ಹಿಂದಿನ ಕೋಣೆಗೆ, ತಮ್ಮ ಮಂಚದ ಪಕ್ಕಕ್ಕೆ ಸಾಗಿಸಿದರು. ನಗರಸಭೆಯ ಆರೋಗ್ಯ ನಿರೀಕ್ಷಕರು ಬಂದು ಸ್ವಿಚ್ಚು ಎಷ್ಟು ಎತ್ತರದಲ್ಲಿದೆ, ಬಚ್ಚಲಿನ ಬಾಗಿಲಿಗೆ ಒಳಚಿಲಕ ಇದೆಯೇ, ನೀರಿನ ತೊಟ್ಟಿಗೆ ಮುಚ್ಚಳ ಇದೆಯೇ ಎಂದು ನೋಡಿದರು. ಒಳಚಿಲಕ ತೆಗೆಸಿ ಎಂದರು. ಮಗು ಒಳಗೆ ಸೇರಿಕೊಂಡು ಚಿಲಕ ಹಾಕಿಕೊಂಡರೆ ಏನು ಗತಿ? ಇಷ್ಟು ವರ್ಷದ ಅನುಭವವಿದ್ದ ಸೊಸೆಗೂ ಅದು ಹೊಳೆದಿರಲಿಲ್ಲ.

ಎಲ್ಲ ಮುಗಿಯಿತು ಎನ್ನುವಾಗ ನಗರಸಭೆಯಿಂದ ಸೊಸೆಗೆ ಫೋನು ಬಂತು. ನಿಮ್ಮ ಅರ್ಜಿಗೆ ಒಂದು ಆಕ್ಷೇಪಣೆ ಬಂದಿದೆ, ಈ ತಿಂಗಳ ಸಾಮಾನ್ಯ ಸಭೆಯಲ್ಲಿ ಇಬ್ಬರ ಮಾತೂ ಕೇಳುತ್ತಾರೆ, ಬಂದು ನಿಮ್ಮದನ್ನು ಹೇಳಿ ಎಂದರು. ಯಾರದು ಆಕ್ಷೇಪಣೆ ಎಂದು ಕೇಳಿದಳು. ಎದುರು ಮನೆಯವರದು ಎಂದರು.

ಸೊಸೆ ಫೋನು ಕೆಳಗಿಟ್ಟು ಕೂತುಬಿಟ್ಟಳು. ಬೇರೆ ಯಾರೇ ಆಗಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಲೈಸೆನ್ಸ್ ಮಾಡಿಸಿಕೋ ಎಂದು ಹೇಳಿಕೊಟ್ಟವರೇ ಬೇಡ ಎಂದು ಬರೆದುಕೊಟ್ಟಿದ್ದರು. ಗಡಿಯಾರದಮ್ಮ ನರ್ಸಮ್ಮನ ಮನೆಯ ಕಡೆಯ ಕಿಟಕಿಯನ್ನು ದಡಾರನೆ ಮುಚ್ಚಿದರು. ಅಂದಿನಿಂದ ಲೋಟ ಈಚೆಯಿಂದ ಆಚೆಗೂ ಇಲ್ಲ, ಆಚೆಯಿಂದ ಈಚೆಗೂ ಇಲ್ಲ. ನಗರಸಭೆಗೆ ಹೋಗಿದ್ದಕ್ಕೇ ಅಕ್ಕಪಕ್ಕದವರ ಮಧ್ಯೆ ಹುಳಿ ಬಿತ್ತು, ಸುಮ್ಮನೆ ನಡೆಸಿಕೊಂಡಿದ್ದರೆ ಯಾರು ಕೇಳುತ್ತಿದ್ದರು ಎಂದು ಅವರು ಹಳೆಯ ರಾಗ ತೆಗೆದರು. ಮಗ ಒಂದೇ ಮಾತು ಹೇಳಿದ. ಕರೆದಿದ್ದಾರೆ, ಹೋಗಿ ಹೇಳಿ, ಹೋಗದಿದ್ದರೆ ಅವರು ಹೇಳಿದ್ದೇ ಉಳಿಯುತ್ತದೆ ಎಂದ.

ಸಭೆಯ ದಿನ ಅತ್ತೆ ಸೊಸೆ ಇಬ್ಬರೂ ಹೋದರು. ಗಡಿಯಾರದಮ್ಮ ದಾರಿಯುದ್ದಕ್ಕೂ ಬಾಯಲ್ಲೇ ಜಗಳ ಅಭ್ಯಾಸ ಮಾಡುತ್ತಿದ್ದರು.

ಸಭಾಂಗಣ ಅವರು ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಕುದುರೆ ಲಾಳದ ಆಕಾರದ ಮೇಜಿನ ಸುತ್ತ ಸದಸ್ಯರು, ನಡುವೆ ಅಧ್ಯಕ್ಷೆ, ಎದುರಿಗೆ ಸಾರ್ವಜನಿಕರು. ವಿಷಯಗಳನ್ನು ಒಂದೊಂದಾಗಿ ಓದಿ ಹೇಳುತ್ತಿದ್ದರು. ಒಂದು ಹೋಟೆಲಿನವರು ಕುರ್ಚಿಗಳನ್ನು ಕಾಲುದಾರಿಗೆ ಹಾಕಿದ್ದರು. ನಡೆಯುವವರಿಗೆ ಜಾಗ ಬಿಡಬೇಕು ಎಂದು ತೀರ್ಮಾನವಾಯಿತು. ಒಂದು ಖಾಲಿ ಸೈಟಿನಲ್ಲಿ ಕಸ ಬೆಳೆಯುತ್ತಿತ್ತು, ಮಾಲೀಕರಿಗೆ ನೋಟಿಸು ಹೋಯಿತು. ಬೆಂಕಿ ಆರಿಸುವ ಸಿಲಿಂಡರು ಇಡದ ಪೇಂಟ್ ಅಂಗಡಿಯ ಲೈಸೆನ್ಸು ನವೀಕರಣವನ್ನು ತಡೆಹಿಡಿದರು. ಗಡಿಯಾರದಮ್ಮ ಜಗಳ ಮರೆತು ಕಿವಿಗೊಟ್ಟರು. ಆ ಕುರ್ಚಿಗಳಿಗೆ ಒಂದು ಸಲ ಅವರೂ ಎಡವಿದ್ದರು. ಇಲ್ಲಿ ಹೇಳಬಹುದಿತ್ತೇ ಎಂದು ಸೊಸೆಯ ಕಿವಿಯಲ್ಲಿ ಕೇಳಿದರು.

ತಿರುವಿನ ಮನೆಯ ಸರದಿ ಬಂತು. ಅಧ್ಯಕ್ಷೆ ಮೊದಲು ಆಕ್ಷೇಪಣೆ ಮಾಡಿದವರನ್ನು ಕರೆದರು. ನರ್ಸಮ್ಮ ಎದ್ದು ನಿಂತರು. ಪಾಳಿಯಿಂದ ನೇರ ಬಂದಿದ್ದರು. ಸಮವಸ್ತ್ರ ಮುದುರಿತ್ತು, ಕಣ್ಣು ಕೆಂಪಾಗಿತ್ತು.

"ಕೂಸಿನ ಮನೆ ಬೇಡ ಅಂತ ನಾನು ಬಂದಿಲ್ಲ ಮೇಡಂ. ಈ ಹುಡುಗಿಗೆ ಲೈಸೆನ್ಸ್ ಮಾಡಿಸ್ಕೋ ಅಂದವಳೇ ನಾನು. ಆದ್ರೆ ಆ ಕೋಣೆ ಕಿಟಕಿ, ನಾನು ಮಲಗೋ ಕಿಟಕಿ ಎದುರುಬದುರು. ಹಗಲೆಲ್ಲ ಅಳು, ಕೂಗು. ನಿದ್ದೆ ಇಲ್ಲದೆ ಕೆಲಸಕ್ಕೆ ಹೋಗ್ತಿದ್ದೀನಿ. ಮೊನ್ನೆ ಒಬ್ಬ ರೋಗಿಗೆ ಕೊಡೋ ಔಷಧಿ ಬದಲು ಪಕ್ಕದ್ದು ಕೈಗೆ ತಗೊಂಡಿದ್ದೆ. ಕೊಡೋಕೆ ಮುಂಚೆ ಗೊತ್ತಾಯ್ತು. ಗೊತ್ತಾಗದೇ ಇದ್ದಿದ್ರೆ?"

ಇದನ್ನು ಅವರಿಗೇ ಹೇಳಬಹುದಿತ್ತಲ್ಲ ಎಂದು ಅಧ್ಯಕ್ಷೆ ಕೇಳಿದರು.

"ಹೇಳಿದೆ. ಹೊಸ್ತಿಲಲ್ಲಿ ಹೇಳಿದೆ, ಕಿಟಕಿಯಿಂದ ಹೇಳಿದೆ. ತಮಾಷೆ ಅಂದ್ಕೊಂಡು ನಕ್ರು. ಇನ್ನೂ ಜೋರಾಗಿ ಹೇಳಿದ್ರೆ ಜಗಳ ಆಗತ್ತೆ, ಇರೋ ಒಂದು ಮನೆ ಸ್ನೇಹಾನೂ ಹೋಗತ್ತೆ. ಇಲ್ಲಿ ಹೇಳಿದ್ರೆ ಕೇಳೋರು ಇರ್ತಾರೆ ಅಂತ ಬಂದೆ."

ಸೊಸೆಗೆ ನೆಲವೇ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಹೇಳಿದ್ದು ನಿಜ. ಪ್ರತಿ ಸಲವೂ ತಾನೇ ಮೊದಲು ನಕ್ಕಿದ್ದಳು. ಅಷ್ಟರಲ್ಲಿ ಒಬ್ಬ ಹಿರಿಯ ಸದಸ್ಯರು, ಅಕ್ಕಪಕ್ಕದವರಿಗೆ ತೊಂದರೆಯಾಗುವುದಾದರೆ ಈ ಅರ್ಜಿಯನ್ನು ಕೈಬಿಡುವುದೇ ಒಳ್ಳೆಯದು ಎಂದರು. ಒಂದಿಬ್ಬರು ತಲೆಯಾಡಿಸಿದರು. ಅಧ್ಯಕ್ಷೆ ಸೊಸೆಯತ್ತ ತಿರುಗಿದರು.

ಅವಳು ಎದ್ದಳು. "ಮಕ್ಕಳು ಅಳದ ಹಾಗೆ ನೋಡ್ಕೋತೀನಿ ಅಂತ ಸುಳ್ಳು ಹೇಳಲ್ಲ ಮೇಡಂ. ಮಕ್ಕಳು ಅಳ್ತಾರೆ. ಅಕ್ಕ ಹೇಳಿದ್ದನ್ನ ನಾನು ಕಿವಿ ಮೇಲೆ ಹಾಕ್ಕೊಳ್ಳಲಿಲ್ಲ, ಅದು ನನ್ನ ತಪ್ಪು. ಆದ್ರೆ ಇದು ನಿಂತ್ರೆ ಅಷ್ಟು ಜನ ತಾಯಂದಿರು ನಾಳೆ ಕೆಲಸಕ್ಕೆ ಹೋಗೋಕಾಗಲ್ಲ. ನಂಗೆ ದಾರಿ ಗೊತ್ತಾಗ್ತಿಲ್ಲ. ನೀವೇ ಹೇಳಿ."

ಆಗ ಗಡಿಯಾರದಮ್ಮ ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದರು. ದಾರಿಯಲ್ಲಿ ಅಭ್ಯಾಸ ಮಾಡಿದ ಒಂದು ಮಾತೂ ಬಾಯಿಗೆ ಬರಲಿಲ್ಲ.

"ಮನೆ ನನ್ನ ಹೆಸರಲ್ಲಿದೆ, ನಾನು ಮಾತಾಡಬಹುದಾ?"

ಮಾತಾಡಿ ಎಂದರು ಅಧ್ಯಕ್ಷೆ.

"ಹಿಂದಿನ ಕೋಣೆ ನಂದು. ಮನೆಯಲ್ಲೇ ದೊಡ್ಡದು. ಅದರಾಚೆ ಹಿತ್ತಿಲು, ಅದರಾಚೆ ಗೋದಾಮಿನ ಗೋಡೆ. ಅಲ್ಲಿ ಎಷ್ಟು ಕೂಗಿದ್ರೂ ಮೂಟೆಗಳಿಗೆ ನಿದ್ದೆ ಕೆಡಲ್ಲ. ಮಕ್ಕಳು ಅಲ್ಲಿರ್ಲಿ. ಮುಂದಿನ ಕೋಣೆಗೆ ನಾನು ಬರ್ತೀನಿ. ನನ್ನನ್ನ ಯಾರೂ ಕೇಳ್ಲಿಲ್ಲ, ನಾನಾಗಿ ಹೇಳ್ಲಿಲ್ಲ. ಈಗ ಹೇಳ್ತಿದ್ದೀನಿ."

ಸೊಸೆ ಅತ್ತೆಯ ಮುಖ ನೋಡಿದಳು. ಆ ಕೋಣೆಯನ್ನು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಅಧ್ಯಕ್ಷೆ ಆರೋಗ್ಯ ನಿರೀಕ್ಷಕರನ್ನು ವಿಚಾರಿಸಿದರು. ಹಿಂದಿನ ಕೋಣೆಗೆ ಗಾಳಿ ಬೆಳಕು ಚೆನ್ನಾಗಿದೆ, ಹಿತ್ತಿಲಿಗೆ ಪಕ್ಕದ ಓಣಿಯಿಂದ ಬೇರೆ ಬಾಗಿಲೂ ಇದೆ, ಇನ್ನೊಮ್ಮೆ ನೋಡಿ ವರದಿ ಕೊಡುತ್ತೇನೆ ಎಂದರು ಅವರು. ಹಾಗೆಯೇ ತೀರ್ಮಾನವಾಯಿತು. ವರದಿ ಸರಿಯಿದ್ದರೆ ಲೈಸೆನ್ಸು ಕೊಡುವುದು. ಮಕ್ಕಳನ್ನು ಹಿಂದಿನ ಕೋಣೆಯಲ್ಲೇ ಇರಿಸಿಕೊಳ್ಳುವುದು, ತಾಯಂದಿರು ಹಿತ್ತಿಲ ಬಾಗಿಲಿಂದಲೇ ಬಂದು ಹೋಗುವುದು, ಮಧ್ಯಾಹ್ನದವರೆಗೆ ಬೀದಿಯಲ್ಲಿ ಆಟವಾಡಿಸದಿರುವುದು. ಹಿರಿಯ ಸದಸ್ಯರೂ ಕೈ ಎತ್ತಿದರು. ನಿಮಗೆ ಒಪ್ಪಿಗೆಯೇ ಎಂದು ನರ್ಸಮ್ಮನನ್ನು ಕೇಳಿದಾಗ ಅವರು ಒಪ್ಪಿಗೆ ಎಂದು ಹೇಳಿ ಕೂತರು.

ಅವರು ಕೂತದ್ದು ಗಡಿಯಾರದಮ್ಮನ ಪಕ್ಕದ ಕುರ್ಚಿಯಲ್ಲಿ. ಸಭೆ ಮುಂದಿನ ವಿಷಯಕ್ಕೆ ಹೋಯಿತು, ಬೀದಿ ದೀಪಗಳ ಗುತ್ತಿಗೆ. ಅರ್ಧ ಓದುವಷ್ಟರಲ್ಲಿ ನರ್ಸಮ್ಮನ ತಲೆ ವಾಲಿ ಗಡಿಯಾರದಮ್ಮನ ಹೆಗಲ ಮೇಲೆ ನಿಂತಿತು. ಮನೆಗೆ ಹೋಗೋಣ ಅತ್ತೆ ಎಂದು ಸೊಸೆ ಪಿಸುಗುಟ್ಟಿದಳು.

"ಇರು, ಏಳಿಸ್ಬೇಡ," ಎಂದರು ಗಡಿಯಾರದಮ್ಮ, ಹೆಗಲನ್ನು ಒಂದಿಷ್ಟೂ ಅಲುಗಿಸದೆ. "ಎಷ್ಟು ದಿನದ ನಿದ್ದೆಯೋ ಏನೋ."

ಈಗ ತಿರುವಿನ ಮನೆಯ ಹಿತ್ತಿಲ ಬಾಗಿಲ ಮೇಲೆ ನಗರಸಭೆಯ ಲೈಸೆನ್ಸು ಚೌಕಟ್ಟು ಹಾಕಿಸಿಕೊಂಡು ತೂಗುತ್ತಿದೆ. ಬೇರೆ ಬೀದಿಯ ತಾಯಂದಿರೂ ಅದನ್ನು ಓದಿ ನೋಡಿ ಮಗುವನ್ನು ಬಿಟ್ಟು ಹೋಗುತ್ತಾರೆ. ಸೊಸೆಯ ಕೈಕೆಳಗೆ ಇನ್ನೊಬ್ಬಳು ಕೆಲಸಕ್ಕೆ ಸೇರಿದ್ದಾಳೆ. ಗಂಡನ ಮೇಜು ಮತ್ತೆ ಮುಂದಿನ ಕೋಣೆಯ ಕಿಟಕಿಯ ಕೆಳಗೆ ಬಂದಿದೆ, ಅದರ ಪಕ್ಕ ಗಡಿಯಾರದಮ್ಮನ ಮಂಚವೂ ಬಂದಿದೆ. ಅಲ್ಲಿ ನಿದ್ದೆ ಚೆನ್ನಾಗಿ ಹತ್ತುತ್ತದೆ ಎನ್ನುತ್ತಾರೆ. ಎಲ್ಲವೂ ಸುಸೂತ್ರವಾಯಿತು ಎಂದಲ್ಲ. ಒಂದೊಂದು ದಿನ ಯಾವನಾದರೂ ತುಂಟ ತಪ್ಪಿಸಿಕೊಂಡು ಬೀದಿಗೆ ಓಡಿ ಗಲಾಟೆ ಎಬ್ಬಿಸುತ್ತಾನೆ. ಆಗ ನರ್ಸಮ್ಮ ಕಿಟಕಿ ತೆರೆದು ಹೇಳುತ್ತಾರೆ. ಈ ಮನೆಯವರು ಈಗ ನಗುವುದಿಲ್ಲ, ಎದ್ದು ಹೋಗಿ ಮಗುವನ್ನು ಎತ್ತಿಕೊಂಡು ಬರುತ್ತಾರೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವು ಕೂತಿರುವ ಮನೆ ಇವತ್ತು ಯಾರ ಹೆಸರಿನಲ್ಲಿದೆ? ಗೊತ್ತಿಲ್ಲದಿದ್ದರೆ ಕೊನೆಯ ತೆರಿಗೆ ರಸೀದಿ ತೆಗೆದು ನೋಡಿ. ಹೆಸರು ಹಳೆಯದಿದ್ದರೆ, ಅಕ್ಷರ ತಪ್ಪಿದ್ದರೆ, ಮನೆಯವರೆಲ್ಲ ಒಟ್ಟಿಗಿರುವಾಗಲೇ ಸರಿ ಮಾಡಿಸಿಕೊಳ್ಳಿ. ಮನೆಯಲ್ಲಿ ಸಣ್ಣ ಅಂಗಡಿಯೋ, ಹೊಲಿಗೆಯೋ, ಕೂಸಿನ ಮನೆಯೋ ನಡೆಸುತ್ತಿದ್ದರೆ ಲೈಸೆನ್ಸಿಗೆ ಏನು ಬೇಕು ಎಂದು ಕೌಂಟರಿನಲ್ಲೇ ಕೇಳಿ, ಫೀಸು ಅಲ್ಲೇ ಕಟ್ಟಿ, ರಸೀದಿ ಕೇಳಿ ಪಡೆಯಿರಿ. ಊರಿಂದ ಊರಿಗೆ ನಿಯಮ ಸ್ವಲ್ಪ ಬೇರೆ ಇರಬಹುದು. ಕೇಳುವ ಹಕ್ಕು ಮಾತ್ರ ಎಲ್ಲ ಕಡೆಯೂ ನಿಮ್ಮದೇ.

ಪಕ್ಕದ ಮನೆಯವರ ಅರ್ಜಿಯಿಂದ ನಿಮಗೆ ತೊಂದರೆಯಾಗುವುದಿದ್ದರೆ ಒಳಗೊಳಗೇ ಕುದಿಯಬೇಡಿ, ಅವಧಿ ಮುಗಿಯುವ ಮೊದಲು ಬರೆದುಕೊಡಿ. ನಿಮ್ಮ ಅರ್ಜಿಗೆ ಯಾರಾದರೂ ಆಕ್ಷೇಪಿಸಿದರೆ ಹಗೆ ಎಂದುಕೊಳ್ಳಬೇಡಿ, ಹೋಗಿ ಕೇಳಿಸಿಕೊಳ್ಳಿ. ನಿಮ್ಮ ನಗರಸಭೆಯ ಮುಂದಿನ ಸಭೆ ಯಾವತ್ತು ಎಂದು ನಾಳೆಯೇ ವಿಚಾರಿಸಿ. ಅಲ್ಲಿ ತೀರ್ಮಾನವಾಗುವುದು ನಿಮ್ಮ ಬೀದಿ, ನಿಮ್ಮ ಬಾಗಿಲು, ನಿಮ್ಮ ನಿದ್ದೆ. ನೀವಿಲ್ಲದೆ ಅದು ತೀರ್ಮಾನವಾಗದಿರಲಿ.